ವಿ-ಡ್ರೈವ್ ಬೋಟ್: ಎಂಜಿನ್ 4,050 ಆರ್‌ಪಿಎಂ ದಾಟುತ್ತಿಲ್ಲ, ಎಲ್ಲಿಂದ ಶುರು ಮಾಡಲಿ?

ಶಿರಾ ಗೇಟ್ ಫಿಟ್ಟರ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನನ್ನದು ಎಂಜಿನ್ ರೀಕಂಡಿಷನ್ ಶಾಪ್. ಟ್ರ್ಯಾಕ್ಟರ್, ಜನರೇಟರ್, ಬೋರ್‌ವೆಲ್ ಲಾರಿಯ ಕಂಪ್ರೆಸರ್ ಎಂಜಿನ್, ದಿನಾ ಇದೇ ಕೆಲಸ. ಹೋದ ತಿಂಗಳು ಹಳೇ ಗಿರಾಕಿಯೊಬ್ಬರು ಟ್ರೇಲರ್ ಮೇಲೆ ಒಂದು ಬೋಟ್ ತಂದು ಅಂಗಳದಲ್ಲಿ ನಿಲ್ಲಿಸಿದರು. 21 ಅಡಿ ಉದ್ದದ ಹಳೇ ಸ್ಕೀ ಬೋಟ್. 5.7 ಲೀಟರ್ ವಿ8 ಪೆಟ್ರೋಲ್ ಎಂಜಿನ್, ಕಾರ್ಬುರೇಟರ್, ವಿ-ಡ್ರೈವ್ ಗೇರ್ ಪೆಟ್ಟಿಗೆ. ಪೆಟ್ಟಿಗೆಯ ಅನುಪಾತ 1.5ಕ್ಕೆ 1, ಅಂದರೆ ಎಂಜಿನ್ ಒಂದೂವರೆ ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು. ಪ್ರೊಪೆಲ್ಲರ್ 14 ಇಂಚು ಅಗಲ, 14 ಇಂಚು ಪಿಚ್ (ಒಂದು ಸುತ್ತಿಗೆ ಮುಂದಕ್ಕೆ ಹೋಗಬೇಕಾದ ದೂರ).

ತೊಂದರೆ ಏನಂದ್ರೆ, ಫುಲ್ ಥ್ರಾಟಲ್‌ನಲ್ಲಿ 4,400ರಿಂದ 4,800 ಆರ್‌ಪಿಎಂ ಬರಬೇಕು ಅಂತ ಎಂಜಿನ್ ಪುಸ್ತಕ ಹೇಳುತ್ತೆ. ಮೀಟರ್ 4,050ರಲ್ಲೇ ನಿಲ್ಲುತ್ತದೆ. ಜಿಪಿಎಸ್‌ನಲ್ಲಿ ಸ್ಪೀಡ್ 43 ಕಿ.ಮೀ. ನಿಂತಲ್ಲಿಂದ ಎದ್ದು ನೀರಿನ ಮೇಲೆ ಜಾರೋಕೆ 11 ಸೆಕೆಂಡ್ ಬೇಕು. ಅಷ್ಟು ಹೊತ್ತೂ ಮೂತಿ ಆಕಾಶಕ್ಕೆ, ಮುಂದಿನದು ಏನೂ ಕಾಣಲ್ಲ. 2,800 ಹತ್ತಿರ ಬಂದಾಗ ನೆಲವೆಲ್ಲ ನಡುಗುತ್ತದೆ.

ಅನುಮತಿ ಪತ್ರ ಮಾಡಿಸಿ ಹಿರಿಯೂರಿನ ಹತ್ತಿರ ವಾಣಿ ವಿಲಾಸ ಸಾಗರದಲ್ಲಿ ಒಂದು ದಿನ ಓಡಿಸಿ ನೋಡಿದ್ದು ಇಷ್ಟು. ಕಂಪ್ರೆಷನ್ ನೋಡಿದೆ, ಎಂಟೂ ಸಿಲಿಂಡರ್ 145ರಿಂದ 155ರ ಒಳಗಿವೆ. ಎಂಜಿನ್ ಗಟ್ಟಿಯಾಗಿದೆ. ಗಿರಾಕಿ ಬೇರೆ ಪ್ರೊಪೆಲ್ಲರ್ ತರಿಸೋಣ ಅಂತಿದ್ದಾರೆ. ದುಬಾರಿ ಸಾಮಾನು, ತಪ್ಪಾದರೆ ನಾನು ಮುಖ ತೋರಿಸೋಕೆ ಆಗಲ್ಲ. ದಾರಿ ತೋರಿಸಿ.

ಮಲ್ಪೆ ಬಂದರು ಮೆಕ್ಯಾನಿಕ್

ಪಿಚ್ ಜಾಸ್ತಿಯಾಗಿದೆ ಮಾರಾಯ್ರೆ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಮೇಲೆ ಬರ್ತದೆ. ನಿಮಗೆ ಎರಡು ಇಂಚು ಇಳಿಸಬೇಕು. 12 ಪಿಚ್ ಹಾಕಿ, ಆಯ್ತು.

ತಿಪಟೂರು ಬೋಟ್ ಯಾರ್ಡ್

ಮಲ್ಪೆ ಅಣ್ಣನ ಲೆಕ್ಕ ಸರಿ ಇದೆ. ಆದರೆ ದಯವಿಟ್ಟು ಇನ್ನೂ ಏನೂ ಕೊಳ್ಳಬೇಡಿ. ನಾನು ಒಂಬತ್ತು ವರ್ಷ ಗಲ್ಫ್‌ನಲ್ಲಿ ಇಂಥ ಬೋಟ್‌ಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಪಿಚ್ ಇಳಿಸಿದರೆ ಎಂಜಿನ್ ಹಗುರಾಗಿ ತಿರುಗುತ್ತದೆ ನಿಜ. ಆದರೆ ಬೋಟ್ ಬೇರೆ ಕಾರಣಕ್ಕೆ ಭಾರವಾಗಿದ್ದರೆ ಆ ಕಾರಣ ಅಲ್ಲೇ ಉಳಿಯುತ್ತೆ, ನೀವು ಮಾತ್ರ ಸ್ಪೀಡ್ ಕಳಕೊಳ್ಳುತ್ತೀರಿ.

ಮೊದಲು ಸ್ಲಿಪ್ ಎಷ್ಟು ಅಂತ ಲೆಕ್ಕ ಹಾಕಿ. ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದರೆ ತನ್ನ ಪಿಚ್‌ನಷ್ಟು ಮುಂದಕ್ಕೆ ಹೋಗಬೇಕು, ಮರಕ್ಕೆ ಸ್ಕ್ರೂ ತಿರುಗಿಸಿದ ಹಾಗೆ. ನೀರು ಮರ ಅಲ್ಲ, ಸ್ವಲ್ಪ ಜಾರುತ್ತೆ. ಆರ್‌ಪಿಎಂ ಅನ್ನು ಅನುಪಾತದಿಂದ ಭಾಗಿಸಿ, ಪಿಚ್‌ನಿಂದ ಗುಣಿಸಿ, ಆಮೇಲೆ 0.001524ರಿಂದ ಗುಣಿಸಿ. ಗಂಟೆಗೆ ಎಷ್ಟು ಕಿ.ಮೀ. ಹೋಗಬೇಕಿತ್ತು ಅನ್ನೋದು ಸಿಗುತ್ತೆ. ನಿಮ್ಮ 4,050ಕ್ಕೆ 57.6 ಬರುತ್ತದೆ. ಹೋಗಿದ್ದು 43. ಅಂದರೆ ಕಾಲು ಭಾಗ ಜಾರಿ ಹೋಗ್ತಿದೆ. ಇಂಥ ಬೋಟ್‌ನಲ್ಲಿ 10ರಿಂದ 20%ರ ಒಳಗೆ ಇರಬೇಕು.

ಎಂಜಿನ್ ಎಳೀತಿಲ್ಲ, ಜೊತೆಗೆ ಸ್ಲಿಪ್ಪೂ ಜಾಸ್ತಿ. ಎರಡೂ ಒಟ್ಟಿಗೆ ಇದೆ ಅಂದರೆ ನನಗೆ ಮೊದಲು ಬರೋ ಅನುಮಾನ ತೂಕದ ಮೇಲೆ.

ಕೋಲಾರದ ಕಾರ್ಬುರೇಟರ್

ಮೀಟರ್ ನಂಬಬೇಡಿ ಅಣ್ಣಾ. ಹಳೇ ಮೀಟರ್‌ಗಳ ಹಿಂದೆ 4, 6, 8 ಸಿಲಿಂಡರ್ ಅಂತ ಒಂದು ಪುಟ್ಟ ಸ್ವಿಚ್ ಇರುತ್ತೆ. ಒಳಗೆ ಕಿಲುಬು ಹಿಡಿದರೆ ಸುಳ್ಳು ಹೇಳುತ್ತದೆ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಟೇಪ್ ಅಂಟಿಸಿ ಲೇಸರ್ ಟ್ಯಾಕೋಮೀಟರ್ ಹಿಡಿದು ನೋಡಿ.

ಇನ್ನೊಂದು. ಥ್ರಾಟಲ್ ಲಿವರ್ ಪೂರ್ತಿ ತಳ್ಳಿ ಇಡೋಕೆ ಒಬ್ಬರನ್ನು ಕೂರಿಸಿ. ಎಂಜಿನ್ ಆಫ್ ಇರಲಿ. ಮೇಲಿನ ಫ್ಲೇಮ್ ಅರೆಸ್ಟರ್ (ಬೆಂಕಿ ಹೊರಗೆ ಬರದಂತೆ ತಡೆಯುವ ಜಾಲರಿ) ಬಿಚ್ಚಿ, ಟಾರ್ಚ್ ಬಿಟ್ಟು ಕಾರ್ಬುರೇಟರ್ ಒಳಗೆ ನೋಡಿ. ಚಿಟ್ಟೆ ತಟ್ಟೆ ಪೂರ್ತಿ ನೆಟ್ಟಗೆ ನಿಂತಿದೆಯಾ? ಕೇಬಲ್ ಎಳೆದು ಎಳೆದು ಸಡಿಲಾಗಿ, ಮುಕ್ಕಾಲು ಮಾತ್ರ ತೆರೆಯೋ ಬೋಟ್‌ಗಳನ್ನು ನೋಡಿದ್ದೇನೆ.

ಮೆಕ್ಯಾನಿಕಲ್ ಮೂರನೇ ವರ್ಷ (ಚಿಕ್ಕಬಳ್ಳಾಪುರ)

ಸರ್, ಒಂದು ಸಂದೇಹ, ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ವಿ-ಡ್ರೈವ್ ಅಂದರೆ ವಿ ಆಕಾರದ ಎಂಜಿನ್ ಅಂತ ತಿಳ್ಕೊಂಡಿದ್ದೆ. ಬೇರೆ ಅಲ್ವಾ?

ತಿಪಟೂರು ಬೋಟ್ ಯಾರ್ಡ್

ಬೇರೆ ತಾಯಿ. ಒಳ್ಳೇ ಪ್ರಶ್ನೆ ಕೇಳಿದ್ದೀರಿ. ಎಂಜಿನ್ ವಿ8 ಆಗಿರಬಹುದು, ಆಗದೆಯೂ ಇರಬಹುದು. ಇಲ್ಲಿ ವಿ ಅನ್ನೋದು ಶಕ್ತಿ ಹೋಗುವ ದಾರಿಯ ಆಕಾರ.

ಸಾಮಾನ್ಯ ಡೈರೆಕ್ಟ್ ಡ್ರೈವ್ ಸ್ಕೀ ಬೋಟ್‌ನಲ್ಲಿ ಎಂಜಿನ್ ನಡುವೆ ಕೂತಿರುತ್ತದೆ, ಶಾಫ್ಟ್ ನೇರವಾಗಿ ಹಿಂದಕ್ಕೆ ಹೋಗುತ್ತೆ. ವಿ-ಡ್ರೈವ್‌ನಲ್ಲಿ ಎಂಜಿನ್ನನ್ನು ಬೋಟಿನ ಹಿಂಭಾಗಕ್ಕೆ ತಳ್ಳಿ, ಹಿಂದುಮುಂದಾಗಿ ಕೂರಿಸುತ್ತಾರೆ. ಫ್ಲೈವೀಲ್ ಮೂತಿ ಕಡೆಗೆ, ಬೆಲ್ಟ್ ಪುಲ್ಲಿ ಹಿಂದಕ್ಕೆ. ಶಕ್ತಿ ಮೊದಲು ಮುಂದಕ್ಕೆ ಹೋಗಿ ಪೆಟ್ಟಿಗೆ ಸೇರುತ್ತೆ. ಅಲ್ಲಿ ಗೇರ್‌ಗಳು ಅದನ್ನು ತಿರುಗಿಸಿ, ಎಂಜಿನ್ ಕೆಳಗಿನಿಂದಲೇ ವಾಪಸ್ ಹಿಂದಕ್ಕೆ ಕಳಿಸುತ್ತವೆ. ಪಕ್ಕದಿಂದ ನೋಡಿದರೆ ಮಲಗಿದ ವಿ ಕಾಣುತ್ತೆ. ಲಾಭ ಏನಂದ್ರೆ ನಡುವೆ ಜನ ಕೂರೋಕೆ ಜಾಗ ಸಿಗುತ್ತೆ, ಹಿಂದೆ ಭಾರ ಇರೋದರಿಂದ ಅಲೆ ದೊಡ್ಡದಾಗಿ ಏಳುತ್ತೆ. ಹಲಗೆ ಮೇಲೆ ನಿಂತು ಆಡೋರಿಗೆ ಅದೇ ಬೇಕು. ನಷ್ಟವೂ ಅದೇ. ಹಿಂಭಾಗ ಮೊದಲೇ ಭಾರ. ಅಲ್ಲಿಗೆ ಇನ್ನೊಂದಿಷ್ಟು ತೂಕ ಸೇರಿದರೆ ಮೂತಿ ಎದ್ದು ನಿಲ್ಲುತ್ತೆ.

ಅಮೆರಿಕದಲ್ಲಿ ರೇಸ್‌ಗೆಂದೇ ಮಾಡಿದ ವಿ-ಡ್ರೈವ್ ಬೋಟ್‌ಗಳಿವೆ. ಅವುಗಳಲ್ಲಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಗೇರ್ ಜೋಡಿಯನ್ನೇ ಬದಲಾಯಿಸಿ ಅನುಪಾತ ಬದಲಿಸುತ್ತಾರೆ. ಹಿಂದೆ ಕೀಲಿನ ತಟ್ಟೆಗಳಿರುತ್ತವೆ, ಅವನ್ನು ಕೂದಲೆಳೆಯಷ್ಟು ಕೆಳಗೆ ಮೇಲೆ ಮಾಡಿ ಮೂತಿ ಎಷ್ಟು ಏಳಬೇಕು ಅಂತ ಹಿಡಿತ ಮಾಡುತ್ತಾರೆ. ನಮ್ಮ ಫಿಟ್ಟರ್ ಅಣ್ಣನ ಬೋಟ್ ಆ ಜಾತಿಯಲ್ಲ. ಇದರಲ್ಲಿ ಅನುಪಾತ ಇದ್ದಷ್ಟೇ.

ಶಿರಾ ಗೇಟ್ ಫಿಟ್ಟರ್ (ತುಮಕೂರು)

ಕೋಲಾರದ ಅಣ್ಣನಿಗೆ ಕೈ ಮುಗೀತೀನಿ. ಲೇಸರ್ ಹಿಡಿದೆ. ಮೀಟರ್ 2,000 ತೋರಿಸುವಾಗ ನಿಜವಾಗಿ 1,900. ಅದೇ ಲೆಕ್ಕದಲ್ಲಿ ಫುಲ್ ಥ್ರಾಟಲ್‌ನಲ್ಲಿ ಬಂದಿದ್ದು 4,050 ಅಲ್ಲ, ಸುಮಾರು 3,850. ಪರಿಸ್ಥಿತಿ ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿದೆ. ಈ ಲೆಕ್ಕದಲ್ಲಿ ಸ್ಲಿಪ್ ಮಾತ್ರ ಸ್ವಲ್ಪ ಇಳಿದು 21.5% ಆಗುತ್ತೆ.

ಥ್ರಾಟಲ್ ತಟ್ಟೆಯೂ ಪೂರ್ತಿ ತೆರೆಯುತ್ತಿರಲಿಲ್ಲ. ಕೇಬಲ್ ಸರಿ ಮಾಡಿದೆ. ಅದರಿಂದ ಸ್ವಲ್ಪ ಬರಬಹುದು, ಪೂರ್ತಿ ಅಲ್ಲ.

ಕೆಜಿಎಫ್ ಟರ್ನರ್

ತಮ್ಮಾ, ನಾನು ಲೇತ್ ಮುಂದೆ ಮೂವತ್ತು ವರ್ಷ ನಿಂತವನು. ಎಂಜಿನ್ ಕಥೆ ಬೇರೆಯವರು ಹೇಳಲಿ. ನಡುಕದ ಬಗ್ಗೆ ನಾನು ಹೇಳ್ತೀನಿ.

ಪೆಟ್ಟಿಗೆಯ ಕಪ್ಲಿಂಗು, ಶಾಫ್ಟ್‌ನ ಕಪ್ಲಿಂಗು, ಎರಡರ ಬೋಲ್ಟ್ ಬಿಚ್ಚು. ಎರಡು ಮುಖವನ್ನೂ ಸ್ವಚ್ಛ ಮಾಡು, ಬಣ್ಣದ ಚೂರು ಕೂಡ ಇರಬಾರದು. ಶಾಫ್ಟ್ ತನ್ನ ಭಾರಕ್ಕೆ ಜೋತುಬೀಳದ ಹಾಗೆ ಆನಿಸಿ ಹಿಡಿ. ಮೆಲ್ಲಗೆ ಮುಖಕ್ಕೆ ಮುಖ ತಾಗಿಸು. ಈಗ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತಗೊಂಡು ಮೇಲೆ, ಕೆಳಗೆ, ಎಡ, ಬಲ, ನಾಲ್ಕೂ ಕಡೆ ತೂರಿಸಿ ನೋಡು. ನಾಲ್ಕರ ನಡುವೆ ಮೂರು ಥೌಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ.

ಇದ್ದರೆ ಅವಸರದಲ್ಲಿ ಎಂಜಿನ್ ಕೂರುವ ಮೌಂಟ್ ತಿರುಗಿಸೋಕೆ ಹೋಗಬೇಡ. ಪೆಟ್ಟಿಗೆ ಕಡೆಯದನ್ನು ಹಾಗೇ ಬಿಟ್ಟು, ಶಾಫ್ಟನ್ನು ಮಾತ್ರ ಕಾಲು ಸುತ್ತು ತಿರುಗಿಸಿ ಮತ್ತೆ ಅಳೆ. ಸಂದಿ ಶಾಫ್ಟ್ ಜೊತೆಗೇ ತಿರುಗಿ ಬಂತು ಅಂದರೆ ಶಾಫ್ಟ್ ಬಾಗಿದೆ, ಇಲ್ಲಾ ಅದರ ಕಪ್ಲಿಂಗ್ ಮುಖ ಸೊಟ್ಟ ಇದೆ. ನನ್ನಂಥವನ ಹತ್ತಿರ ತಗೊಂಡು ಹೋಗಬೇಕು. ಸಂದಿ ಇದ್ದ ಜಾಗದಲ್ಲೇ ಉಳಿಯಿತು ಅಂದರೆ ಶಾಫ್ಟ್ ಚೆನ್ನಾಗಿದೆ, ಎಂಜಿನ್ ಕೂತಿರೋದು ಸರಿ ಇಲ್ಲ. ಪಂಪಿಗೆ ಮೋಟರ್ ಜೋಡಿಸೋರಿಗೂ ಇದೇ ಪರೀಕ್ಷೆ.

ತಿಪಟೂರು ಬೋಟ್ ಯಾರ್ಡ್

ಹಿರಿಯರು ಹೇಳಿದ್ದಕ್ಕೆ ಒಂದೇ ಒಂದು ಸೇರಿಸುತ್ತೇನೆ. ಟ್ರೇಲರ್ ಮೇಲೆ ಮಾಡಿದ ಅಳತೆ ಕೊನೆಯದಲ್ಲ. ಬೋಟ್ ನೀರಿಗಿಳಿದಾಗ ತಳ ಒಂದು ಚೂರು ಬಾಗುತ್ತೆ. ನೀರಿನಲ್ಲಿ ಒಂದು ದಿನ ನಿಂತ ಮೇಲೆ ಮತ್ತೆ ಅದೇ ನಾಲ್ಕು ಕಡೆ ಅಳೆದು ನೋಡಿ.

ಗುಬ್ಬಿ ಫೈಬರ್ ಕೆಲಸ

ನಾನು ಫೈಬರ್ ಟ್ಯಾಂಕ್, ಬಾಗಿಲು, ದೇವಸ್ಥಾನದ ಮಂಟಪ ಮಾಡುವವಳು. ಬೋಟ್ ಕೂಡ ಫೈಬರ್‌ನದೇ ಅಲ್ವಾ, ಅದಕ್ಕೆ ಬರೀತಿದ್ದೇನೆ. ಹಳೇ ಬೋಟ್‌ನ ನೆಲದ ಕೆಳಗೆ ತೇಲೋಕೆ ಅಂತ ಫೋಮ್ ಸುರಿದಿರುತ್ತಾರೆ. ಹೊಸದರಲ್ಲಿ ಅದು ನೀರು ಕುಡಿಯಲ್ಲ. ಇಪ್ಪತ್ತು ಮೂವತ್ತು ವರ್ಷ ಅಡಿಯಲ್ಲಿ ನೀರು ನಿಂತೂ ನಿಂತೂ, ಕುಲುಕಿ ಕುಲುಕಿ, ಒಳಗಿನ ಗುಳ್ಳೆಗಳು ಒಡೆದು ಸ್ಪಂಜ್ ಆಗಿಬಿಡುತ್ತೆ. ಒಂದು ಲೀಟರ್ ನೀರು ಅಂದರೆ ಒಂದು ಕೆ.ಜಿ. ಹೊರಗಿನಿಂದ ಏನೂ ಕಾಣಿಸಲ್ಲ.

ನೀವು ಇರೋದು ತುಮಕೂರಿನಲ್ಲಿ. ಲಾರಿ ತೂಗುವ ವೇಬ್ರಿಡ್ಜ್‌ಗೆ ಬರ ಇಲ್ಲ. ಬೋಟನ್ನು ಒಮ್ಮೆ ತೂಗಿಸಿಬಿಡಿ ಅಣ್ಣ.

ಶಿರಾ ಗೇಟ್ ಫಿಟ್ಟರ್ (ತುಮಕೂರು)

ಅಕ್ಕಾ, ನಿಮ್ಮ ಮಾತು ಓದಿದ ಮರುದಿನವೇ ಹೋದೆ.

ಬೆಳಿಗ್ಗೆ ಆರೂವರೆಗೆ ಅಂತರಸನಹಳ್ಳಿ ಕಡೆಯ ವೇಬ್ರಿಡ್ಜ್. ನನ್ನ ಮುಂದೆ ಒಂದು ತೆಂಗಿನಕಾಯಿ ಲಾರಿ, ಹಿಂದೆ ಹುಣಸೆಹಣ್ಣಿನ ಗಾಡಿ. ತೂಕದವರು ಬೋಟ್ ನೋಡಿ ಹೊರಗೇ ಬಂದರು. ಜೀಪ್ ಬಿಚ್ಚಿ ದೂರ ನಿಲ್ಲಿಸಿ, ಟ್ರೇಲರ್ ಮಾತ್ರ ತಟ್ಟೆ ಮೇಲೆ ಬಿಟ್ಟೆ. ಚೀಟಿ ಬಂತು: 2,110 ಕೆ.ಜಿ. ಖಾಲಿ ಟ್ರೇಲರ್ 430 ಅಂತ ಅದರ ಪ್ಲೇಟ್ ಮೇಲೇ ಇದೆ. ಅಂದರೆ ಬೋಟ್ 1,680.

ಬೋಟ್ ಪುಸ್ತಕದಲ್ಲಿ ಒಣ ತೂಕ 1,250. ಟ್ಯಾಂಕ್‌ನಲ್ಲಿ 60 ಲೀಟರ್ ಪೆಟ್ರೋಲ್, ಅದು 45 ಕೆ.ಜಿ. ಹಗ್ಗ, ಲಂಗರು, ಜಾಕೆಟ್‌ಗಳು ಎಲ್ಲಾ ಸೇರಿ 35. ಎಷ್ಟು ಎಳೆದರೂ 1,330 ಆಗಬೇಕು. 350 ಕೆ.ಜಿ. ಎಲ್ಲಿಂದ ಬಂತು? ಐದು ಜನ ದೊಡ್ಡವರನ್ನು ನೆಲದ ಕೆಳಗೆ ಮಲಗಿಸಿಕೊಂಡು ಓಡಿಸಿದ ಹಾಗಾಯಿತು.

ಶಾಪ್‌ಗೆ ಬಂದು ಹಿಂದಿನ ಸೀಟ್ ತೆಗೆದೆ. ನೆಲಕ್ಕೆ 8 ಎಂಎಂ ಡ್ರಿಲ್ ಹಾಕಿದೆ. ಪ್ಲೈವುಡ್ ದಾಟಿದ ತಕ್ಷಣ ಬಿಟ್ ಮೆತ್ತಗೆ ಒಳಗೆ ಹೋಯ್ತು. ಹೊರಗೆ ಎಳೆದಾಗ ಅದರ ಸುರುಳಿಯಲ್ಲಿ ಕಂದು ಬಣ್ಣದ ಹಸಿ ಹಿಟ್ಟು. ಟ್ರೇಲರ್‌ನ ಮೂತಿ ಸ್ವಲ್ಪ ಜಾಕ್ ಮಾಡಿದೆ. ತೂತಿನಿಂದ ನೀರು ಜಿನುಗೋಕೆ ಶುರುವಾಯ್ತು. ರಾತ್ರಿ ಹೊತ್ತಿಗೆ ಅಡಿಯಲ್ಲಿಟ್ಟ ಬಾಣಲೆ ತುಂಬಿತ್ತು. ವಾಸನೆ ಹೂಳು ತೆಗೆಯುವ ಕೆರೆಯದು.

ಮಲ್ಪೆ ಬಂದರು ಮೆಕ್ಯಾನಿಕ್

ಛೆ ಮಾರಾಯ್ರೆ. ನಾನು 12 ಪಿಚ್ ಅಂತ ಹೇಳಿಬಿಟ್ಟಿದ್ದೆ. ನಮ್ಮ ಮೀನುಗಾರಿಕೆ ಬೋಟ್‌ನಲ್ಲಿ ಫೋಮಿನ ಸಂಗತಿ ತಲೆಗೆ ಬರುವುದಿಲ್ಲ. ತೂಗಿಸಿದ್ದು ಒಳ್ಳೇದಾಯ್ತು.

ಗುಬ್ಬಿ ಫೈಬರ್ ಕೆಲಸ

ಈಗ ಅರ್ಧ ಮಾಡಿ ಬಿಡಬೇಡಿ. ನೆಲ ಕತ್ತರಿಸಿ ತೆಗೆಯಬೇಕು. ಬ್ಲೇಡ್ ಆಳ ಪ್ಲೈವುಡ್‌ನ ದಪ್ಪಕ್ಕಷ್ಟೇ ಇಟ್ಟುಕೊಳ್ಳಿ, ಕೆಳಗೆ ಉದ್ದಕ್ಕೂ ಓಡುವ ಸ್ಟ್ರಿಂಗರ್ ತೊಲೆಗಳಿವೆ. ಫೋಮ್ ಗುದ್ದಲಿ ತರಹದ ಚಪ್ಪಟೆ ಸಲಾಕೆಯಲ್ಲಿ ಬರುತ್ತೆ. ಆಮೇಲೆ ಸ್ಟ್ರಿಂಗರ್ ಮೇಲೆ ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗಿನ ಮರ ಕೊಳೆತಿದೆ. ಎಂಜಿನ್ ಕೂತಿರೋದು ಅದರ ಮೇಲೇ. ಕೆಜಿಎಫ್ ಅಣ್ಣ ಹೇಳಿದ ಮೂರು ಥೌ ಕೊಳೆತ ಮರದ ಮೇಲೆ ನಿಲ್ಲಲ್ಲ.

ಹೊಸ ಫೋಮ್ ಹಾಕದೆ ಖಾಲಿ ಬಿಟ್ಟರೆ ಇನ್ನೂ ಹಗುರ ಆಗುತ್ತಲ್ಲ ಅಂತ ಯಾರಾದರೂ ಹೇಳಬಹುದು. ಕೇಳಬೇಡಿ. ತಳ ಒಡೆದ ದಿನ ಜನರನ್ನು ತೇಲಿಸಿ ಹಿಡಿಯೋದು ಅದೇ ಫೋಮ್. ಹೊಸದು ಹಾಕಿ, ಅಡಿಯ ನೀರು ಹರಿದು ಹೋಗೋಕೆ ಕಾಲುವೆ ಬಿಡಿ.

ಕೋಲಾರದ ಕಾರ್ಬುರೇಟರ್

ಬೋಟ್ ಒಣಗೋ ತನಕ ಕಾರ್ಬುರೇಟರ್ ಮಾತಾಡೋಣ. ಇದು ನನಗೆ ತುಂಬಾ ಇಷ್ಟದ ವಿಷಯ.

ತುಮಕೂರು ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಮೇಲಿದೆ. ಗಾಳಿ ತೆಳು. ಸಾವಿರ ಅಡಿಗೆ 3% ಶಕ್ತಿ ಹೋಗುತ್ತೆ ಅಂತ ಇಟ್ಟುಕೊಂಡರೆ ಇಲ್ಲಿ ಸುಮಾರು 8% ಹೋಯ್ತು. ವಾಣಿ ವಿಲಾಸ ಸಾಗರ ಇದಕ್ಕಿಂತ ತಗ್ಗು, ಅಲ್ಲಿ ಸ್ವಲ್ಪ ಕಮ್ಮಿ ಹೋಗುತ್ತೆ. ಮಲ್ಪೆ ಅಣ್ಣನ ಊರಲ್ಲಿ ಇದೇ ಬೋಟ್ ಓಡಿಸಿದರೆ ಇದಕ್ಕಿಂತ ಚೆನ್ನಾಗಿ ಎಳೆಯುತ್ತದೆ. ಗಾಳಿ ತೆಳುವಾದಾಗ ಕಾರ್ಬುರೇಟರ್‌ನ ಮಿಶ್ರಣ ತಾನಾಗೇ ಪೆಟ್ರೋಲ್ ಕಡೆ ವಾಲುತ್ತೆ. ಅದಕ್ಕೇ ಘಟ್ಟದ ಮೇಲೆ ಹಳೇ ಗಾಡಿಗಳು ಕಪ್ಪು ಹೊಗೆ ಬಿಡೋದು.

ಇನ್ನೊಂದು ಕಡೆ ಬಂಕ್‌ನಲ್ಲಿ ಈಗ ಸಿಗೋದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಒಳಗೇ ಆಮ್ಲಜನಕ ಇದೆ. ಹಾಗಾಗಿ ಹಳೇ ಜೆಟ್‌ನಲ್ಲಿ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಮಿಶ್ರಣ ಗಾಳಿ ಕಡೆ ವಾಲುತ್ತೆ. ಒಂದು ಈ ಕಡೆ ಎಳೆದರೆ ಇನ್ನೊಂದು ಆ ಕಡೆ ಎಳೆಯುತ್ತೆ. ಆದ್ದರಿಂದ ಲೆಕ್ಕ ಹಾಕಿ ಜೆಟ್ ಬದಲಿಸೋಕೆ ಹೋಗಬೇಡಿ. ಫುಲ್ ಥ್ರಾಟಲ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ, ಹಾಗೇ ಕೀ ಆಫ್ ಮಾಡಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಪಿಂಗಾಣಿ ಬಿಳಿಚಿಕೊಂಡು ಸುಣ್ಣದ ಹಾಗಿದ್ದರೆ ಜೆಟ್ ದೊಡ್ಡದು ಮಾಡಬೇಕು. ಬೋಟ್ ಎಂಜಿನ್ ಕಾರಿನ ಹಾಗೆ ಅಲ್ಲ. ಕಾರು ಫುಲ್ ಥ್ರಾಟಲ್‌ನಲ್ಲಿ ಅರ್ಧ ನಿಮಿಷ ಇರಲ್ಲ, ಬೋಟ್ ನಿಮಿಷಗಟ್ಟಲೆ ಬೆಟ್ಟ ಹತ್ತುತ್ತಲೇ ಇರುತ್ತೆ. ಗಾಳಿ ಜಾಸ್ತಿಯಾಗಿದ್ದರೆ ಪಿಸ್ಟನ್ ಕರಗುತ್ತೆ.

ಎಥನಾಲ್ ನೀರನ್ನೂ ಹೀರುತ್ತೆ. ತಿಂಗಳುಗಟ್ಟಲೆ ನಿಂತ ಟ್ಯಾಂಕ್‌ನಲ್ಲಿ ನೀರು, ಎಥನಾಲ್ ಎರಡೂ ಸೇರಿ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಪೈಪ್ ಎಳೆಯೋದು ತಳದಿಂದಲೇ. ಹಳೇ ರಬ್ಬರ್ ಪೈಪ್ ಇದ್ದರೆ ಎಲ್ಲಾ ಬದಲಿಸಿ. ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದಿದ್ದರೆ ಒಂದು ಹಾಕಿಸಿ.

ತಿಪಟೂರು ಬೋಟ್ ಯಾರ್ಡ್

ಇದರ ಜೊತೆಗೇ ಒಂದು ಮಾತು, ಕೈ ಜೋಡಿಸಿ ಹೇಳ್ತಿದ್ದೇನೆ. ಕಾರ್ಬುರೇಟರ್, ಸ್ಟಾರ್ಟರ್, ಆಲ್ಟರ್ನೇಟರ್, ಪೆಟ್ರೋಲ್ ಪಂಪ್ ಇವುಗಳ ಜಾಗಕ್ಕೆ ಕಾರಿನ ಸಾಮಾನು ಹಾಕಬೇಡಿ. ನೋಡೋಕೆ ಒಂದೇ ತರಹ, ಬೆಲೆಯೂ ಕಮ್ಮಿ. ಆದರೆ ಬೋಟಿನ ಸಾಮಾನು ಕಿಡಿ ಹೊರಗೆ ಬರದ ಹಾಗೆ, ಪೆಟ್ರೋಲ್ ಉಕ್ಕಿದರೆ ಹೊರಗೆ ಚೆಲ್ಲದ ಹಾಗೆ ಮಾಡಿರುತ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ರಸ್ತೆಗೆ ಬಿದ್ದು ಹೋಗುತ್ತೆ, ಬೋಟ್‌ನಲ್ಲಿ ಹೊಟ್ಟೆಯಲ್ಲೇ ತುಂಬಿಕೊಳ್ಳುತ್ತೆ. ವಿ-ಡ್ರೈವ್‌ನಲ್ಲಿ ಎಂಜಿನ್ ಮುಚ್ಚಿದ ಪೆಟ್ಟಿಗೆಯೊಳಗೆ, ಅದರ ಮೇಲೇ ಮಕ್ಕಳು ಕೂರೋದು. ಸ್ಟಾರ್ಟ್ ಮಾಡುವ ಮೊದಲು ಆವಿ ಹೊರಗೆ ಎಳೆಯುವ ಬ್ಲೋವರ್ ನಾಲ್ಕು ನಿಮಿಷ ಓಡಲೇಬೇಕು, ಮೂಗಿನಿಂದ ವಾಸನೆ ನೋಡಲೇಬೇಕು. ಗಡಿಯಾರ ನೋಡಿ ನಾಲ್ಕು ನಿಮಿಷ, ಅಂದಾಜಲ್ಲ.

ಮೆಕ್ಯಾನಿಕಲ್ ಮೂರನೇ ವರ್ಷ (ಚಿಕ್ಕಬಳ್ಳಾಪುರ)

ಸರ್, ಪ್ರೊಪೆಲ್ಲರ್ ಬ್ಲೇಡ್ ಮೇಲೆ ಏನಾದರೂ ಸಣ್ಣ ಸಣ್ಣ ಗುಳಿ ಇದೆಯಾ? ಕ್ಯಾವಿಟೇಶನ್ ಬಗ್ಗೆ ಈ ಸೆಮಿಸ್ಟರ್‌ನಲ್ಲಿ ಓದ್ತಿದ್ದೇವೆ. ಒತ್ತಡ ತೀರಾ ಕಮ್ಮಿಯಾದರೆ ನೀರು ತಣ್ಣಗಿದ್ದರೂ ಕುದಿಯುತ್ತೆ, ಗುಳ್ಳೆ ಒಡೆಯುವಾಗ ಲೋಹವನ್ನೇ ಕಿತ್ತು ಹಾಕುತ್ತೆ ಅಂತ. ಪಂಪ್ ಇಂಪೆಲ್ಲರ್‌ನಲ್ಲಿ ನೋಡಿದ್ದೆ, ಬೋಟ್‌ನಲ್ಲಿ ನೋಡಿಲ್ಲ.

ಶಿರಾ ಗೇಟ್ ಫಿಟ್ಟರ್ (ತುಮಕೂರು)

ಇದೆಯಮ್ಮ. ಮೂರು ಬ್ಲೇಡ್‌ನಲ್ಲಿ ಒಂದರ ಅಂಚು ಯಾವುದೋ ಬಂಡೆಗೆ ಬಡಿದು ಮಡಿಚಿದೆ. ಆ ಮಡಿಕೆಯ ಹಿಂದೆ ಅಂಗೈಯಷ್ಟು ಜಾಗದಲ್ಲಿ ರಾಗಿ ಕಾಳು ಒತ್ತಿದ ಹಾಗೆ ಗುಳಿಗಳು. ಉಳಿದೆರಡು ಬ್ಲೇಡ್ ನುಣ್ಣಗಿವೆ. ನೀವು ಕೇಳದಿದ್ದರೆ ನಾನು ಅದನ್ನು ತುಕ್ಕು ಅಂತಲೇ ಬಿಡುತ್ತಿದ್ದೆ. ಬೆಂಗಳೂರಿಗೆ ಕಳಿಸಿ ಅಂಚು ಸರಿ ಮಾಡಿಸಿ, ಮೂರೂ ಬ್ಲೇಡ್‌ನ ಪಿಚ್ ಒಂದೇ ಇದೆಯಾ ಅಂತ ಅಳೆಸಿ ತರಿಸುತ್ತೇನೆ.

ಕಪ್ಲಿಂಗ್ ಅಳೆದೆ. ಕೆಳಗಡೆ ಹನ್ನೊಂದು ಥೌ, ಮೇಲೆ ಸೊನ್ನೆ. ಶಾಫ್ಟ್ ಕಾಲು ಸುತ್ತು ತಿರುಗಿಸಿದರೂ ಸಂದಿ ಕೆಳಗೇ ಉಳಿಯಿತು. ಅಂದರೆ ಶಾಫ್ಟ್ ನೆಟ್ಟಗಿದೆ. ಪೆಟ್ಟಿಗೆ ಕಡೆಯ ಎರಡು ಮೌಂಟ್‌ನ ರಬ್ಬರ್ ಕುಸಿದಿದೆ. ನೆಲ ತೆಗೆದಾಗ ಬಲಗಡೆ ಸ್ಟ್ರಿಂಗರ್ ಅಕ್ಕ ಹೇಳಿದ ಹಾಗೆ ದಬ್ ಅಂತು, ಎರಡು ಅಡಿಯಷ್ಟು ಉದ್ದ.

ಕೆಜಿಎಫ್ ಟರ್ನರ್

ಪ್ರೊಪೆಲ್ಲರ್ ವಾಪಸ್ ಬಂದ ಮೇಲೆ ಸುಮ್ನೆ ತೂರಿಸಿ ನಟ್ ಬಿಗಿಯಬೇಡ ತಮ್ಮಾ. ಶಾಫ್ಟ್ ತುದಿ 16ಕ್ಕೆ 1ರ ಟೇಪರ್, ಅಂದರೆ ತುದಿಗೆ ಹೋಗ್ತಾ ಸಣ್ಣಗಾಗುತ್ತೆ. ಮೊದಲು ಕೀ (ಪ್ರೊಪೆಲ್ಲರ್ ಶಾಫ್ಟ್ ಮೇಲೆ ಜಾರಿ ತಿರುಗದ ಹಾಗೆ ಹಿಡಿಯುವ ಲೋಹದ ತುಂಡು) ಇಲ್ಲದೆ ಪ್ರೊಪೆಲ್ಲರ್ ತಳ್ಳಿ ಕೂರಿಸು, ಶಾಫ್ಟ್ ಮೇಲೆ ಪೆನ್ಸಿಲ್ ಗೆರೆ ಎಳೆ. ಬಿಚ್ಚು. ಕೀ ಹಾಕಿ ಮತ್ತೆ ಕೂರಿಸು. ಅದೇ ಗೆರೆಗೆ ಬರಬೇಕು. ಬರದಿದ್ದರೆ ಕೀ ಎತ್ತರವಾಗಿದೆ, ಪ್ರೊಪೆಲ್ಲರ್ ಟೇಪರ್ ಮೇಲೆ ಕೂತಿಲ್ಲ, ಕೀ ಮೇಲೆ ನಿಂತಿದೆ. ಓಡುವಾಗ ಅದು ಒಂದು ಕಡೆಗೆ ವಾಲಿಯೇ ತಿರುಗುತ್ತೆ. ಕೀ ತಲೆಯನ್ನು ಅರದಲ್ಲಿ ಉಜ್ಜಿ ಇಳಿಸು. ಟೇಪರ್‌ಗೆ ಗುರುತಿನ ನೀಲಿ ಬಣ್ಣ ಹಚ್ಚಿ ಎಷ್ಟು ಭಾಗ ತಾಗುತ್ತಿದೆ ನೋಡು. ಕಮ್ಮಿ ಇದ್ದರೆ ವಾಲ್ವ್ ಉಜ್ಜುವ ಪೇಸ್ಟ್ ಹಾಕಿ ಕೈಯಲ್ಲೇ ತಿರುಗಿಸಿ ಕೂರಿಸು. ನಿನಗೆ ಅದು ಹೊಸದಲ್ಲ.

ತಿಪಟೂರು ಬೋಟ್ ಯಾರ್ಡ್

ಸ್ಟ್ರಟ್ (ತಳದ ಕೆಳಗೆ ಶಾಫ್ಟ್ ಹಿಡಿದಿರುವ ಆಸರೆ) ಒಳಗಿನ ರಬ್ಬರ್ ಬುಷ್ ಕೂಡ ನೋಡಿ. ಪ್ರೊಪೆಲ್ಲರ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಲಟಲಟ ಅನ್ನಬಾರದು. ಹೊಸದು ಹಾಕುವಾಗ ಗ್ರೀಸ್ ಹಚ್ಚಬೇಡಿ, ಸೋಪಿನ ನೀರು ಸಾಕು. ಓಡುವಾಗ ಅದಕ್ಕೆ ಕೆರೆ ನೀರೇ ಎಣ್ಣೆ. ನೀರಿಲ್ಲದೆ ಎಂಜಿನ್ ಗೇರ್‌ಗೆ ಹಾಕಿ ತಿರುಗಿಸಿದರೆ ಆ ಬುಷ್ ಸುಟ್ಟುಹೋಗುತ್ತೆ.

ಇನ್ನು ತಳ. ಗಾರೆ ಕೆಲಸದವರ ಆರು ಅಡಿ ಅಲ್ಯೂಮಿನಿಯಂ ಪಟ್ಟಿ ಸಿಗುತ್ತಲ್ಲ, ಅದನ್ನು ತಳದ ಕೊನೆಯ ಐದು ಅಡಿಗೆ ಹಿಡಿದು ಹಿಂದಿನಿಂದ ಟಾರ್ಚ್ ಬಿಡಿ. ನಡುವೆ ಬೆಳಕು ಬಂದರೆ ಗುಂಡಿ ಇದೆ, ಇದಕ್ಕೆ ಹುಕ್ ಅಂತಾರೆ. ಹಿಂಭಾಗಕ್ಕೆ ಆಸರೆ ಇಲ್ಲದ ಟ್ರೇಲರ್ ಮೇಲೆ ವರ್ಷಗಟ್ಟಲೆ ನಿಂತ ಬೋಟ್‌ಗಳಿಗೆ ಹೀಗಾಗುತ್ತೆ.

ಶಿರಾ ಗೇಟ್ ಫಿಟ್ಟರ್ (ತುಮಕೂರು)

ಎಡಗಡೆ 3 ಎಂಎಂ ಗುಂಡಿ. ಟ್ರೇಲರ್ ಹಲಗೆ ಅಲ್ಲಿ ಒಂದು ಅಡಿ ಮೊದಲೇ ಮುಗಿಯುತ್ತೆ. ಒಂದು ಅರ್ಥ ಆಗ್ತಿಲ್ಲ ಅಣ್ಣ. ಹುಕ್ ಇದ್ದರೆ ಮೂತಿ ಕೆಳಗೆ ಬರಬೇಕು ಅಂತಾರೆ. ನನ್ನದು ಮೇಲೆ ಏಳುತ್ತಿತ್ತಲ್ಲ?

ತಿಪಟೂರು ಬೋಟ್ ಯಾರ್ಡ್

ಸರಿಯಾಗಿ ಹಿಡಿದಿರಿ. ಹುಕ್ ಮೂತಿಯನ್ನು ಕೆಳಗೆ ಒತ್ತುತ್ತಿತ್ತು, ಹಿಂದಿನ 350 ಕೆ.ಜಿ. ಅದನ್ನು ಮೇಲೆ ಎತ್ತುತ್ತಿತ್ತು. ತೂಕದ ಕೆಟ್ಟತನವನ್ನು ಹುಕ್ ಅರ್ಧ ಮುಚ್ಚಿಟ್ಟಿತ್ತು. ನೀವು ಮೊದಲು ತಳ ಸರಿ ಮಾಡಿ, ಫೋಮ್ ಬಿಟ್ಟಿದ್ದರೆ ಬೋಟ್ ಇನ್ನೂ ಕೆಟ್ಟದಾಗಿ ಏಳುತ್ತಿತ್ತು. ಕೆಲಸದ ಸಾಲು ಅದಕ್ಕೇ ಮುಖ್ಯ. ಈಗ ತಳ ತುಂಬಿಸಿ, ಉದ್ದ ಹಲಗೆಗೆ ಉಜ್ಜುಕಾಗದ ಕಟ್ಟಿ ಸಮ ಮಾಡಿ. ಟ್ರೇಲರ್ ಹಲಗೆಯನ್ನೂ ಒಂದು ಅಡಿ ಉದ್ದ ಮಾಡಿಸಿ.

ಶಿರಾ ಗೇಟ್ ಫಿಟ್ಟರ್ (ತುಮಕೂರು)

ಐದು ವಾರ ಆಯ್ತು, ಉತ್ತರ ಕೊಡದೆ ಸುಮ್ಮನಿದ್ದೆ, ಬೇಜಾರಾಗಬೇಡಿ. ಮಳೆ ಬಂದು ಫೈಬರ್ ಒಣಗೋದು ತಡವಾಯ್ತು. ಗುಬ್ಬಿ ಅಕ್ಕ ಒಂದು ದಿನ ಶಾಪ್‌ಗೇ ಬಂದು ಸ್ಟ್ರಿಂಗರ್‌ಗೆ ಪದರ ಹಾಕಿ ಕೊಟ್ಟರು. ನಾನು ಮೂರು ಪದರ ಸಾಕು ಅಂದಿದ್ದೆ, ಅವರು ಪ್ರತಿ ಪದರಕ್ಕೂ ಎರಡು ಇಂಚು ಅಗಲ ಹೆಚ್ಚಿಸುತ್ತಾ ಐದು ಹಾಕಿದರು. ಅಂಚಿನ ಗುಳ್ಳೆಗಳನ್ನು ರೋಲರ್‌ನಿಂದ ಒಂದೊಂದಾಗಿ ಹೊರಗೆ ತಳ್ಳೋದು ನೋಡ್ತಾ ನಿಂತುಬಿಟ್ಟೆ.

ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ನೋಡುವಾಗ ಒಂದು ವಿಷಯ ಗೊತ್ತಾಯ್ತು. ಎಂಜಿನ್ ಹಿಂದುಮುಂದಾಗಿ ಕೂತಿರೋದರಿಂದ ಎಂಜಿನ್‌ನ ಎಡ ಅಂದರೆ ಬೋಟ್‌ನ ಬಲ. ಒಂದನೇ ಸಿಲಿಂಡರ್ ಬೋಟಿನ ಬಲಗಡೆ, ಕಟ್ಟಕಡೆಗೆ ಇದೆ. ಅದರ ವೈರ್‌ಗೆ ಲೈಟ್ ಸಿಕ್ಕಿಸಿ ನೋಡಿದರೆ ಟೈಮಿಂಗ್ ಪುಸ್ತಕದ ಅಳತೆಗಿಂತ ಆರು ಡಿಗ್ರಿ ಹಿಂದಿತ್ತು. ಹಿಂದಿನ ಸೀಟ್ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಪುಲ್ಲಿಯ ಗೆರೆಗೆ ಬಿಳಿ ಪೇಂಟ್ ಹಚ್ಚಿ ಸರಿ ಮಾಡಿದೆ.

ಮತ್ತೆ ತೂಗಿಸಿದೆ. ಹೊಸ ಫೋಮ್, ಹೊಸ ನೆಲ, 60 ಲೀಟರ್ ಪೆಟ್ರೋಲ್ ಎಲ್ಲಾ ಸೇರಿ ಬೋಟ್ 1,345. ಮೊನ್ನೆ ಮತ್ತೆ ಅನುಮತಿ ತಗೊಂಡು ಅದೇ ನೀರಿಗೆ ಇಳಿಸಿದ್ವಿ. ಅದೇ 14 ಪಿಚ್ ಪ್ರೊಪೆಲ್ಲರ್, ಈ ಸಲ ಮೂರೂ ಬ್ಲೇಡ್ ಸಮ. ಲೇಸರ್‌ನಲ್ಲಿ 4,350. ಜಿಪಿಎಸ್ 53. ಸ್ಲಿಪ್ 14%. ಎದ್ದು ಜಾರೋಕೆ 6 ಸೆಕೆಂಡ್. 2,800ರಲ್ಲಿ ಲೋಟದಲ್ಲಿ ನೀರಿಟ್ಟು ನೋಡಿದೆ, ಮೇಲ್ಮೈಯಲ್ಲಿ ಸಣ್ಣ ಉಂಗುರ ಅಷ್ಟೇ. ಗಿರಾಕಿ ಮಗಳು ಮುಂದೆ ಕೂತು, ಈ ಸಲ ದಡ ಕಾಣ್ತಿದೆ ಅಂತ ಕೂಗಿದಳು.

ಒಂದು ದಿನ ನೀರಿನಲ್ಲೇ ಬಿಟ್ಟು ಕಪ್ಲಿಂಗ್ ಮತ್ತೆ ಅಳೆದೆ. ಟ್ರೇಲರ್ ಮೇಲೆ ಎರಡು ಥೌ ಇದ್ದದ್ದು ಐದು ಆಗಿತ್ತು. ಮತ್ತೆ ಎರಡಕ್ಕೆ ತಂದೆ.

ಮಲ್ಪೆ ಬಂದರು ಮೆಕ್ಯಾನಿಕ್

ಒಳ್ಳೆ ಸುದ್ದಿ! ಇನ್ನೂ 4,400 ಮುಟ್ಟಲಿಲ್ಲ ಅಲ್ವಾ. ಈಗ ಕೇಳ್ತೇನೆ, ಒಂದು ಇಂಚು ಪಿಚ್ ಇಳಿಸಬಹುದಾ?

ತಿಪಟೂರು ಬೋಟ್ ಯಾರ್ಡ್

ಈಗ ಇಳಿಸಬಹುದು ಅಣ್ಣ. ಈಗ ಉಳಿದಿರೋದು ಎತ್ತರದ ತೆಳು ಗಾಳಿಯಿಂದ ಹೋದ ಶಕ್ತಿ. ಅದಕ್ಕೆ ಪಿಚ್ಚೇ ಸರಿಯಾದ ಉತ್ತರ. ಆದರೆ ಹೊಸದು ಕೊಳ್ಳುವ ಮೊದಲು ಎರವಲು ಸಿಗುತ್ತಾ ನೋಡಿ. ಗೋವಾ ಕಡೆ ನನ್ನ ಗೆಳೆಯನ ಹತ್ತಿರ ಒಂದು 14ಕ್ಕೆ 13 ಇದೆ. ಬಸ್‌ನಲ್ಲಿ ಹಾಕಿಸ್ತೀನಿ.

ಶಿರಾ ಗೇಟ್ ಫಿಟ್ಟರ್ (ತುಮಕೂರು)

13 ಪಿಚ್ ಹಾಕಿ ನೋಡಿದೆ. 4,520 ಆರ್‌ಪಿಎಂ. ಸ್ಪೀಡ್ 51.5, ಒಂದೂವರೆ ಕಿ.ಮೀ. ಕಮ್ಮಿ. ಏಳೋಕೆ ನಾಲ್ಕೂವರೆ ಸೆಕೆಂಡ್. ನಾಲ್ಕು ಜನರನ್ನು ಕೂರಿಸಿಕೊಂಡು, ಹಿಂದೆ ಸ್ಕೀ ಮೇಲೆ ಒಬ್ಬರನ್ನು ಎಳೆದರೂ ಆರು ಸೆಕೆಂಡ್ ಒಳಗೆ ಎದ್ದಿತು. ಪ್ಲಗ್ ಬಿಚ್ಚಿ ನೋಡಿದೆ, ತಿಳಿ ಕಂದು. ಜೆಟ್ ಮುಟ್ಟಲಿಲ್ಲ.

ಗಿರಾಕಿಗೆ ಎರಡೂ ಓಡಿಸಿ ತೋರಿಸಿದೆ. ಅವರು ಮಕ್ಕಳನ್ನು ಎಳೆಯೋರು, ಓಟ ಕಟ್ಟೋರಲ್ಲ. 13 ಇರಲಿ ಅಂದರು. ಸರಿ ಮಾಡಿಸಿದ 14 ಬೋಟ್‌ನಲ್ಲೇ ಸ್ಪೇರ್ ಆಗಿ ಇಟ್ಟಿದ್ದೇವೆ. ತಿಪಟೂರು ಅಣ್ಣ, ನಿಮ್ಮ ಗೆಳೆಯರಿಗೆ ಅದರ ಬೆಲೆ ಎಷ್ಟು ಅಂತ ಕೇಳಿ ತಿಳಿಸಿ, ದುಡ್ಡು ಕಳಿಸ್ತೀವಿ.

ಮೆಕ್ಯಾನಿಕಲ್ ಮೂರನೇ ವರ್ಷ (ಚಿಕ್ಕಬಳ್ಳಾಪುರ)

ಸರ್, ಆ ಗುಳಿ ಬಿದ್ದ ಬ್ಲೇಡ್‌ನ ಫೋಟೋ ರಿಪೇರಿಗೆ ಮುಂಚೆ ತೆಗೆದಿದ್ದರೆ ಕಳಿಸ್ತೀರಾ? ಸೆಮಿನಾರ್‌ನಲ್ಲಿ ತೋರಿಸಬೇಕು.

ಶಿರಾ ಗೇಟ್ ಫಿಟ್ಟರ್ (ತುಮಕೂರು)

ತೆಗೆದಿದ್ದೇನಮ್ಮ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಇವತ್ತು ರಾತ್ರಿ ಹಾಕ್ತೀನಿ.